ಕೈಯಿಂದ ಮಾಡಿದ ಕ್ಯೂ: ತೂಕ, ಸಮತೋಲ ಮತ್ತು ಕರಾವಳಿಯ ಹವೆ

ಪೂಲ್, ಸ್ನೂಕರ್, ಬಿಲಿಯರ್ಡ್ಸ್ ಆಟಗಳಲ್ಲಿ ಚೆಂಡನ್ನು ಹೊಡೆಯುವ ಕೋಲು ಕ್ಯೂ. ಪೂಲ್ ಕ್ಯೂ ಸಾಮಾನ್ಯವಾಗಿ 58 ಅಂಗುಲ, ಅಂದರೆ ಸುಮಾರು 147 ಸೆಂ.ಮೀ. ಉದ್ದವಿರುತ್ತದೆ, ತೂಕ 18ರಿಂದ 21 ಔನ್ಸ್, ಗ್ರಾಂ ಲೆಕ್ಕದಲ್ಲಿ 510ರಿಂದ 595. ಮುಂದಿನ ಅರ್ಧ ಶಾಫ್ಟ್, ಹಿಂದಿನ ಅರ್ಧ ಬಟ್; ಇವೆರಡನ್ನು ನಡುವಿನ ಜಾಯಿಂಟ್‌ನಲ್ಲಿ ಒಂದು ತಿರುಪು ಕೂಡಿಸುತ್ತದೆ. ಶಾಫ್ಟ್‌ನ ತುದಿಯಲ್ಲಿ ಚೆಂಡಿಗೆ ತಾಗುವ ಚರ್ಮದ ಟಿಪ್, ಅದರ ಹಿಂದೆ ಮರ ಸೀಳದಂತೆ ಕಾಯುವ ಫೆರುಲ್, ಬಟ್‌ನ ಕೊನೆಯಲ್ಲಿ ರಬ್ಬರಿನ ಬಂಪರ್. ಪೂಲ್ ಟಿಪ್ 12–13 ಮಿ.ಮೀ. ದಪ್ಪ, ಸ್ನೂಕರ್‌ನದು 9–10 ಮಿ.ಮೀ., ಕೋಲೂ ತುಸು ಹಗುರ. ವಿಶ್ವ ಪೂಲ್ ಬಿಲಿಯರ್ಡ್ಸ್ ಸಂಸ್ಥೆಯ ನಿಯಮದ ಪ್ರಕಾರ ಪೂಲ್ ಕ್ಯೂ 25 ಔನ್ಸ್ ಮೀರುವಂತಿಲ್ಲ, 40 ಅಂಗುಲಕ್ಕಿಂತ ಗಿಡ್ಡವಿರುವಂತಿಲ್ಲ. ಸ್ನೂಕರ್‌ನಲ್ಲಿ ಉದ್ದ ಕನಿಷ್ಠ 3 ಅಡಿ ಇದ್ದರಾಯಿತು, ತೂಕಕ್ಕೆ ಮೇಲ್ಮಿತಿಯೇ ಇಲ್ಲ. ಹೀಗಾಗಿ ಕೋಲು ಎಷ್ಟು ತೂಗಬೇಕು, ಆ ತೂಕ ಅದರ ಯಾವ ಭಾಗದಲ್ಲಿ ಕೂರಬೇಕು ಎಂಬುದು ಬಹುಮಟ್ಟಿಗೆ ಮಾಡುವವನಿಗೂ ಆಡುವವನಿಗೂ ಬಿಟ್ಟ ವಿಷಯ. ಪಾರ್ಲರ್‌ಗಳ ಕೋಲುಗಳ ಮೇಲೆ 18, 19, 20, 21 ಎಂದು ಔನ್ಸ್ ಲೆಕ್ಕದ ಅಂಕಿ ಅಚ್ಚಾಗಿರುವುದರಿಂದ ಆಟಗಾರರು ಕೋಲನ್ನು ಆ ಅಂಕಿಯಿಂದಲೇ ಗುರುತಿಸುತ್ತಾರೆ, ಆ ಅಂಕಿಯಿಂದಲೇ ಬೇಡುತ್ತಾರೆ. ಈ ಲೇಖನದ ವಾದ ಬೇರೆ. ಕೈಯಿಂದ ಮಾಡಿದ ಕ್ಯೂವಿನಲ್ಲಿ ಹೊಂದಿಸಬೇಕಾದದ್ದು ಒಟ್ಟು ತೂಕವನ್ನಲ್ಲ, ಆ ತೂಕ ಆಟಗಾರನ ಎರಡು ಕೈಗಳಿಗೆ ಹಂಚಿಹೋಗುವ ಬಗೆಯನ್ನು. ಗಾಳಿಯಲ್ಲಿ ವರ್ಷದ ಬಹುಪಾಲು ನೀರೇ ತುಂಬಿರುವ ಮಂಗಳೂರಿನಂಥ ಊರಿನಲ್ಲಿ ಒಟ್ಟು ತೂಕ ಸ್ಥಿರವಾದ ಅಂಕಿಯೇ ಅಲ್ಲವಾದ್ದರಿಂದ ಈ ಮಾತು ಇಲ್ಲಿ ಇನ್ನಷ್ಟು ನಿಜ.

ಮೊದಲು ತೂಕದ ಬಗೆಗಿನ ಸಾಮಾನ್ಯ ನಂಬಿಕೆಯನ್ನು ನೋಡಬೇಕು. ಭಾರದ ಕೋಲು ಚೆಂಡನ್ನು ಜೋರಾಗಿ ಓಡಿಸುತ್ತದೆ ಎನ್ನುವುದು ಆ ನಂಬಿಕೆ. ಪೂಲ್ ಚೆಂಡು 57.15 ಮಿ.ಮೀ. ವ್ಯಾಸದ್ದು, ತೂಕ 156ರಿಂದ 170 ಗ್ರಾಂ. 510 ಗ್ರಾಂನ ಕೋಲು 170 ಗ್ರಾಂನ ಚೆಂಡಿನ ನಡುವಿಗೆ ಬಡಿದಾಗ ಚೆಂಡಿಗೆ ಸಿಗುವ ವೇಗ, ಕೋಲಿನ ತೂಕವನ್ನು ಕೋಲು ಮತ್ತು ಚೆಂಡಿನ ಒಟ್ಟು ತೂಕದಿಂದ ಭಾಗಿಸಿದಾಗ ಬರುವ ಪಾಲನ್ನು ಅನುಸರಿಸುತ್ತದೆ. ಇಲ್ಲಿ ಆ ಪಾಲು 0.75. ಕೋಲನ್ನು 595 ಗ್ರಾಂಗೆ ಏರಿಸಿದರೆ ಅದು 0.778 ಆಗುತ್ತದೆ. ತೂಕ 17 ಪ್ರತಿಶತ ಹೆಚ್ಚಿತು. ಅದೇ ವೇಗದಲ್ಲಿ ಹೊಡೆದರೂ ಚೆಂಡಿನ ವೇಗ ಹೆಚ್ಚಿದ್ದು ನಾಲ್ಕು ಪ್ರತಿಶತಕ್ಕೂ ಕಡಿಮೆ. ಅದೇ ವೇಗದಲ್ಲಿ ಹೊಡೆಯಲು ಕೈ ಹೆಚ್ಚು ದುಡಿಯಬೇಕು ಎಂಬುದನ್ನು ಸೇರಿಸಿಕೊಂಡರೆ ಆ ಲಾಭವೂ ಉಳಿಯುವುದಿಲ್ಲ. ತೋಳು ಅಷ್ಟೇ ಶಕ್ತಿ ವ್ಯಯಿಸಿದರೆ ಭಾರದ ಕೋಲು ಸುಮಾರು ಏಳು ಪ್ರತಿಶತ ನಿಧಾನವಾಗುತ್ತದೆ, ಚೆಂಡಿನ ವೇಗ ನಾಲ್ಕು ಪ್ರತಿಶತದಷ್ಟು ಇಳಿಯುತ್ತದೆ. ಮನುಷ್ಯನ ತೋಳು ಈ ಎರಡು ಲೆಕ್ಕಗಳ ನಡುವೆ ಎಲ್ಲೋ ಕೆಲಸ ಮಾಡುತ್ತದೆ. ಆದ್ದರಿಂದ ಒಂದೆರಡು ಔನ್ಸ್‌ನ ವ್ಯತ್ಯಾಸ ಹೊಡೆತದ ಬಲವನ್ನು ಹೇಳಿಕೊಳ್ಳುವಷ್ಟು ಬದಲಿಸುವುದಿಲ್ಲ. ಬದಲಾಗುವುದು ಕೋಲು ಹಿಂದೆ ಮುಂದೆ ಸರಿಯುವಾಗಿನ ಹಿಡಿತ, ಹೊಡೆತಕ್ಕೆ ಮುಂಚಿನ ಕ್ಷಣದಲ್ಲಿ ತುದಿ ನಿಲ್ಲುವ ನಿಶ್ಚಲತೆ, ಅಳತೆಯ ಮೆಲು ಹೊಡೆತದ ನಿಖರತೆ. ಇವೆಲ್ಲ ಕೈಗೆ ಸೇರಿದ ಸಂಗತಿಗಳು. ಕೈಗೆ ಗೊತ್ತಾಗುವುದು ತನ್ನ ಮೇಲೆ ಬಿದ್ದ ಪಾಲು ಮಾತ್ರ.

ಆ ಪಾಲನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಆಡುವಾಗ ಕೋಲು ಎರಡು ಕಡೆ ಊರಿರುತ್ತದೆ: ಹಿಂದಿನ ಕೈಯ ಹಿಡಿತದಲ್ಲಿ ಮತ್ತು ಮೇಜಿನ ಮೇಲೆ ಊರಿದ ಮುಂದಿನ ಕೈಯಲ್ಲಿ, ಅಂದರೆ ಆಟಗಾರರು ಬ್ರಿಡ್ಜ್ ಎನ್ನುವ ಕಡೆ. 510 ಗ್ರಾಂನ ಕೋಲು ಬಟ್‌ನ ಕೊನೆಯಿಂದ 47 ಸೆಂ.ಮೀ. ದೂರದಲ್ಲಿ ಬೆರಳಿನ ಮೇಲೆ ಸಮವಾಗಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಪೂಲ್ ಕ್ಯೂಗಳಲ್ಲಿ ಸಮತೋಲದ ಜಾಗ ಹೆಚ್ಚಾಗಿ ಇಲ್ಲೇ ಸುತ್ತಮುತ್ತ ಇರುತ್ತದೆ. ಹಿಡಿತ 32 ಸೆಂ.ಮೀ.ನಲ್ಲಿ, ಬ್ರಿಡ್ಜ್ 122 ಸೆಂ.ಮೀ.ನಲ್ಲಿ ಇದ್ದರೆ ಮುಂದಿನ ಕೈಯ ಮೇಲೆ ಬೀಳುವುದು 85 ಗ್ರಾಂ. ಉಳಿದ 425 ಗ್ರಾಂ ಹಿಂದಿನ ಕೈಗೆ. ಉದ್ದ ತೋಳಿನ ಆಟಗಾರನೊಬ್ಬ ಅದೇ ಕೋಲನ್ನು 20 ಸೆಂ.ಮೀ.ನಲ್ಲಿ ಹಿಡಿದರೆ ಮುಂದಿನ ಕೈಯ ಪಾಲು 135 ಗ್ರಾಂಗೆ ಏರುತ್ತದೆ. ಕೋಲು ಒಂದೇ, ತೂಕ ಒಂದೇ, ಸಮತೋಲದ ಜಾಗವೂ ಒಂದೇ. ಆದರೂ ಇಬ್ಬರ ಕೈಯಲ್ಲಿ ಅದು ಎರಡು ಬೇರೆ ಕೋಲುಗಳು. ಎತ್ತರದ ಆಟಗಾರ ‘ಮುಂದೆ ಭಾರವಾಗಿದೆ’ ಎಂದು ದೂರಿದಾಗ, ಗಿಡ್ಡನೆಯವನು ಅದೇ ಕೋಲನ್ನು ಹಿಡಿದು ‘ಚೆನ್ನಾಗಿದೆ’ ಎಂದಾಗ, ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದಾರೆ. ಕ್ಯೂ ಮಾಡುವವನು ಗಿರಾಕಿಯನ್ನು ಎಷ್ಟು ಔನ್ಸ್ ಬೇಕೆಂದು ಕೇಳುವ ಮೊದಲು, ಆತ ಮೇಜಿನ ಮುಂದೆ ಬಾಗಿ ನಿಂತಾಗ ಎರಡು ಕೈಗಳು ಎಲ್ಲಿ ಬರುತ್ತವೆ ಎಂದು ಟೇಪು ಹಿಡಿದು ಅಳೆಯಬೇಕು. ಮುಂಗೈ ನೇರ ಕೆಳಗೆ ತೂಗುವಂತೆ ನಿಂತಾಗ ಹಿಡಿತ ಎಲ್ಲಿ ಬರುತ್ತದೋ ಅದೇ ಆತನ ಜಾಗ. ಅಳತೆಯ ಸಾಧನವೂ ಸರಳ. ಒಂದು ಗ್ರಾಂವರೆಗೆ ತೋರಿಸುವ ಎರಡು ಅಡುಗೆಮನೆ ತಕ್ಕಡಿಗಳನ್ನು ಆ ಎರಡು ಜಾಗಗಳ ಕೆಳಗಿಟ್ಟು, ಮೇಲೆ ಕೋಲನ್ನು ಮಲಗಿಸಿದರೆ ಎರಡು ಅಂಕಿಗಳು ಸಿಗುತ್ತವೆ. ಅಚ್ಚು ಹಾಕಿದ ಔನ್ಸ್ ಅಂಕಿಗಿಂತ ಈ ಜೋಡಿ ಅಂಕಿಗಳು ಆ ಕೋಲಿನ ಬಗ್ಗೆ ಹೆಚ್ಚು ಹೇಳುತ್ತವೆ.

ತೂಕ ಹೊಂದಿಸುವ ಅತ್ಯಂತ ಬಳಕೆಯ ವಿಧಾನವನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ದೋಷ ಎದ್ದು ಕಾಣುತ್ತದೆ. ಬಂಪರನ್ನು ಬಿಚ್ಚಿದರೆ ಬಟ್‌ನ ಒಳಗೆ ಕೊರೆದ ಒಂದು ರಂಧ್ರವಿರುತ್ತದೆ; ಅದರೊಳಗೆ ತೂಕದ ಬೋಲ್ಟ್ ತಿರುಗಿಸಿ ಕೂರಿಸುತ್ತಾರೆ. 19 ಔನ್ಸ್ ಬೇಕೆಂದವನಿಗೆ 18 ಔನ್ಸ್‌ನ ಕೋಲಿಗೆ ಒಂದು ಔನ್ಸ್, ಅಂದರೆ 28 ಗ್ರಾಂನ ಬೋಲ್ಟ್ ಸೇರಿಸಿಕೊಟ್ಟರೆ ಕೆಲಸ ಮುಗಿಯಿತು ಎಂದು ಭಾವಿಸುತ್ತಾರೆ. ಮೇಲಿನ ಕೋಲಿಗೇ ಇದನ್ನು ಮಾಡೋಣ. ಬೋಲ್ಟ್ ಕೊನೆಯಿಂದ 5 ಸೆಂ.ಮೀ. ಒಳಗೆ ಕೂತರೆ ಸಮತೋಲದ ಜಾಗ 47ರಿಂದ 44.8 ಸೆಂ.ಮೀ.ಗೆ, ಎರಡು ಸೆಂ.ಮೀ.ಗೂ ಹೆಚ್ಚು ಹಿಂದಕ್ಕೆ ಸರಿಯುತ್ತದೆ. ಮುಂದಿನ ಕೈಯ ಪಾಲು 85 ಗ್ರಾಂ ಇದ್ದದ್ದು 77ಕ್ಕೆ ಇಳಿಯುತ್ತದೆ. ಕೋಲಿಗೆ ಭಾರ ಸೇರಿಸಿದೆವು, ಅದರ ಮುಂಭಾಗ ಹಗುರವಾಯಿತು. ಸೇರಿಸಿದ್ದಕ್ಕಿಂತ ಹೆಚ್ಚಿನ ಹೊರೆ ಹಿಂದಿನ ಕೈಗೆ ಬಿತ್ತು. ಕಾವಡಿ ಹೊತ್ತವನು ಹಿಂದಿನ ಬುಟ್ಟಿಗೆ ಮಾತ್ರ ಕಲ್ಲು ಹಾಕಿಸಿಕೊಂಡಂತೆ ಇದು. ಅದೇ 28 ಗ್ರಾಂ ಅನ್ನು ಕೋಲಿನ ನಡುವೆ, ಜಾಯಿಂಟ್ ಇರುವ 73 ಸೆಂ.ಮೀ. ಸುಮಾರಿಗೆ ಇಟ್ಟಿದ್ದರೆ ಸಮತೋಲ 48.4 ಸೆಂ.ಮೀ.ಗೆ ಮುಂದೆ ಹೋಗುತ್ತಿತ್ತು, ಮುಂದಿನ ಕೈಯ ಪಾಲು 98 ಗ್ರಾಂ ಆಗುತ್ತಿತ್ತು. ಎರಡು ಕೋಲುಗಳೂ 538 ಗ್ರಾಂ, ಎರಡರ ಮೇಲೂ 19 ಎಂದೇ ಅಚ್ಚು. ಒಂದರ ಮುಂದಿನ ಹೊರೆ 77, ಇನ್ನೊಂದರದ್ದು 98. ಯಾವ ಆಟಗಾರನಿಗೂ ಕಣ್ಣು ಮುಚ್ಚಿಕೊಂಡೇ ಈ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾದರೆ ತೂಕವನ್ನು ಎಲ್ಲಿ ತಿದ್ದಬೇಕು? ಕೈಯಿಂದ ಮಾಡಿದ ಕ್ಯೂವಿನ ಬೆಲೆ ಇರುವುದೇ ಇಲ್ಲಿ: ಕಾರ್ಖಾನೆಯ ಕೋಲಿಗೆ ಕೊನೆಯಲ್ಲಿ ಬೋಲ್ಟ್ ಹಾಕುವುದೊಂದೇ ದಾರಿ, ಕೈಕೆಲಸದವನಿಗೆ ಮೊದಲಿನಿಂದಲೂ ದಾರಿಗಳಿವೆ. ಮೊದಲನೆಯದು ಜಾಯಿಂಟ್‌ನ ತಿರುಪು. 3/8 ಅಂಗುಲ ದಪ್ಪದ, 3 ಅಂಗುಲ ಉದ್ದದ ತಿರುಪಿನಲ್ಲಿ ಸುತ್ತುಗಳ ಸಂದು ಕಳೆದರೆ ಸುಮಾರು 4.2 ಘನ ಸೆಂ.ಮೀ. ಲೋಹವಿರುತ್ತದೆ. ಉಕ್ಕಿನದಾದರೆ ಅದು 33 ಗ್ರಾಂ, ಟೈಟಾನಿಯಂನದಾದರೆ 19, ಅಲ್ಯೂಮಿನಿಯಂನದಾದರೆ 11. ಲೋಹ ಬದಲಿಸುವುದರಿಂದಲೇ ಕೋಲಿನ ನಡುವೆ ಮುಕ್ಕಾಲು ಔನ್ಸ್‌ವರೆಗೆ ಏರಿಸಬಹುದು, ಇಳಿಸಬಹುದು. ಜಾಯಿಂಟ್‌ನ ಹೊರಬಳೆ ಉಕ್ಕಿನದೋ ಫಿನಾಲಿಕ್ ಪ್ಲಾಸ್ಟಿಕ್‌ನದೋ ಎಂಬುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಎರಡನೆಯದು ಬಟ್‌ನ ಮುಂಭಾಗದ ಮರ. ಸರಾಸರಿ 2.5 ಸೆಂ.ಮೀ. ದಪ್ಪದ, 30 ಸೆಂ.ಮೀ. ಉದ್ದದ ಈ ತುಂಡಿನ ಗಾತ್ರ ಸುಮಾರು 147 ಘನ ಸೆಂ.ಮೀ. ಮೇಪಲ್ ಆದರೆ 103 ಗ್ರಾಂ, ಬೀಟೆಯಾದರೆ 125, ಕರಿಮರವಾದರೆ 147ರ ಆಸುಪಾಸು. ಕರಿಮರದ ಅಂದ ಬೇಕು, ಭಾರ ಬೇಡ ಎಂದಾದರೆ ನಡುವೆ ಮುಕ್ಕಾಲು ಅಂಗುಲದ ರಂಧ್ರ ಕೊರೆದು, ಒಳಗೆ ಮೇಪಲ್ ದಿಂಡನ್ನು ಅಂಟಿಸುತ್ತಾರೆ. ಆಗ ಅದೇ ತುಂಡು 122 ಗ್ರಾಂ ಆಗುತ್ತದೆ. ಒಳದಿಂಡಿನಿಂದ ಕೋಲು ಸೊಟ್ಟಗಾಗುವ ಸಂಭವವೂ ತಗ್ಗುತ್ತದೆ. ಮೂರನೆಯದು ಕಡಿತ: ಬಟ್‌ನ ಹಿಂದಿನಿಂದ 1.9 ಸೆಂ.ಮೀ. ಅಗಲ, 10 ಸೆಂ.ಮೀ. ಆಳ ಕೊರೆದರೆ ಬೀಟೆಯಲ್ಲಿ 24 ಗ್ರಾಂ ಹೋಗುತ್ತದೆ, ಸಮತೋಲ ಸುಮಾರು ಎರಡು ಸೆಂ.ಮೀ. ಮುಂದೆ ಬರುತ್ತದೆ. ಬೋಲ್ಟ್ ಹಾಕಿ ಭಾರ ಮಾಡುವುದಕ್ಕೆ ಒಪ್ಪುವವರು ಕೊರೆದು ಹಗುರ ಮಾಡುವುದಕ್ಕೆ ಯಾಕೋ ಹಿಂಜರಿಯುತ್ತಾರೆ. ಮುಂದೆ ಭಾರ ಬೇಕೆನ್ನುವ ಆಟಗಾರನಿಗೆ ಮುಂದೆ ಸೇರಿಸುವುದಕ್ಕಿಂತ ಹಿಂದೆ ತೆಗೆಯುವುದು ಎಷ್ಟೋ ಸಲ ಮೇಲು.

ಪಶ್ಚಿಮ ಘಟ್ಟದ ಬುಡದಲ್ಲಿರುವ ಮಂಗಳೂರಿಗೆ ಮರದ ಆಯ್ಕೆಯ ಮಾತು ದೂರದ್ದಲ್ಲ. ಜಗತ್ತಿನ ಕ್ಯೂ ತಯಾರಕರು ಬಟ್‌ಗೆ ಬಳಸುವ ಪ್ರತಿಷ್ಠಿತ ಮರಗಳಲ್ಲಿ ಭಾರತದ ಬೀಟೆಯೂ ಒಂದು. ಅದು ಬೆಳೆಯುವುದು ಇದೇ ಘಟ್ಟದ ಕಾಡುಗಳಲ್ಲಿ. ಆದರೆ ಬೀಟೆ ಎಂದಾಕ್ಷಣ ಕೈಗೆ ಸಿಗುವ ಮರವಲ್ಲ. ಕರ್ನಾಟಕದಲ್ಲಿ ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಸೇರಿದೆ. ಹಳೆಯ ಮನೆಯ ತೊಲೆ, ಮಂಚದ ಕಾಲು, ಬೀರುವಿನ ಚೌಕಟ್ಟುಗಳಿಂದ ಬಿಡಿಸಿದ ಮರ ಸಿಕ್ಕರೆ ಅದು ಎರಡು ಕಾರಣಕ್ಕೆ ಒಳ್ಳೆಯದು: ಹೊಸ ಮರ ಬೀಳುವುದಿಲ್ಲ, ದಶಕಗಳಿಂದ ಈ ಊರಿನ ಹವೆಯನ್ನೇ ಉಂಡ ಮರ ಇನ್ನು ಹೆಚ್ಚು ಹೊರಳಾಡುವುದಿಲ್ಲ. ಕರಾವಳಿಯಲ್ಲಿ ದೋಣಿಗೆ ಬಳಸುವ ಹೆಬ್ಬಲಸು ಮತ್ತು ಮನೆಗಳ ತೇಗ ಬೀಟೆಗಿಂತ ಸ್ಪಷ್ಟವಾಗಿ ಹಗುರ. ತೇಗ ತೇವಕ್ಕೆ ಹಿಗ್ಗುವುದು ಕಡಿಮೆ. ಹೊಡೆತದ ಗಟ್ಟಿತನದಲ್ಲಿ ಇವು ಮೇಪಲ್‌ಗೆ ಸಮವಲ್ಲ ಎಂಬ ಆಕ್ಷೇಪ ಸರಿಯೇ. ಹಾಗೆಂದು ಶಾಫ್ಟ್‌ಗೆ ಇವನ್ನು ಯಾರೂ ಸೂಚಿಸುವುದಿಲ್ಲ. ಬಟ್‌ನ ಹಿಂಭಾಗಕ್ಕೆ ತೇಗ, ಮುಂಭಾಗಕ್ಕೆ ಬೀಟೆ ಎಂಬ ಜೋಡಣೆ ಬೋಲ್ಟ್ ಇಲ್ಲದೆಯೇ ಸಮತೋಲವನ್ನು ಮುಂದಕ್ಕೆ ತರುತ್ತದೆ. ನನ್ನ ಅಭಿಪ್ರಾಯದಲ್ಲಿ ಕರಾವಳಿಯ ಕ್ಯೂಗೆ ಇದಕ್ಕಿಂತ ಸಹಜವಾದ ಜೋಡಣೆ ಇನ್ನೊಂದಿಲ್ಲ.

ಈಗ ಹವೆಯ ಮಾತು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಭಾರತೀಯ ಮಾನಕ ಬ್ಯೂರೋದ ಐಎಸ್ 287 ಎಂಬ ಮಾನಕವು ಮರದಲ್ಲಿ ಇರಬಹುದಾದ ತೇವವನ್ನು ಗೊತ್ತುಮಾಡಲು ದೇಶವನ್ನು ಗಾಳಿಯ ವಾರ್ಷಿಕ ಆರ್ದ್ರತೆಯ ಮೇಲೆ ನಾಲ್ಕು ವಲಯಗಳಾಗಿ ಹಂಚುತ್ತದೆ. 67 ಪ್ರತಿಶತ ಮೀರಿದ್ದು ನಾಲ್ಕನೆಯ ವಲಯ, ನಮ್ಮ ಕರಾವಳಿ ಅದರಲ್ಲಿ ಬರುತ್ತದೆ. ಮರ ತನ್ನ ಸುತ್ತಲಿನ ಗಾಳಿಯೊಂದಿಗೆ ಸಮಕ್ಕೆ ಬರುವವರೆಗೆ ನೀರು ಹೀರುತ್ತದೆ ಅಥವಾ ಬಿಡುತ್ತದೆ. ಗಾಳಿಯ ಆರ್ದ್ರತೆ 50 ಪ್ರತಿಶತ ಇರುವ ಹವಾನಿಯಂತ್ರಿತ ಕೋಣೆಯಲ್ಲಿ ಆ ಸಮ ಸುಮಾರು 9 ಪ್ರತಿಶತ ತೇವದಲ್ಲಿ ಬರುತ್ತದೆ. 75 ಪ್ರತಿಶತ ಆರ್ದ್ರತೆಯಲ್ಲಿ 14ಕ್ಕೆ, ಮಳೆಗಾಲದ 85 ಪ್ರತಿಶತದಲ್ಲಿ 17ರ ಮೇಲೆ. 510 ಗ್ರಾಂ ಕೋಲಿನಲ್ಲಿ ಮರವೇ 430 ಗ್ರಾಂ ಇದ್ದರೆ, 9ರಿಂದ 15 ಪ್ರತಿಶತಕ್ಕೆ ಏರುವಾಗ ಅದು ಹೀರುವ ನೀರು ಸುಮಾರು 24 ಗ್ರಾಂ. ಹೆಚ್ಚುಕಡಿಮೆ ಒಂದು ಬೋಲ್ಟ್‌ನ ತೂಕ! ಶೀತ ದೇಶದ ಆ್ಯಶ್ ಅಥವಾ ಮೇಪಲ್‌ನಿಂದ ಅಲ್ಲಿನ ಒಣ ಕಾರ್ಯಾಗಾರದಲ್ಲಿ ಮಾಡಿ, ತೂಗಿ, ಅಚ್ಚು ಹಾಕಿದ ಕೋಲಿನ ಅಂಕಿ ಆಷಾಢದ ಮಂಗಳೂರಿಗೆ ಬರುವಷ್ಟರಲ್ಲಿ ಸುಳ್ಳಾಗಬಲ್ಲದು.

ಬಟ್‌ಗೆ ದಪ್ಪ ವಾರ್ನಿಶ್ ಇರುತ್ತದಲ್ಲ, ನೀರು ಅಷ್ಟು ಸುಲಭವಾಗಿ ಒಳಗೆ ಹೋಗುತ್ತದೆಯೇ ಎಂದು ಕೇಳಬಹುದು. ವಾರ್ನಿಶ್ ನೀರಾವಿಯನ್ನು ನಿಧಾನಗೊಳಿಸುತ್ತದೆ, ತಡೆಯುವುದಿಲ್ಲ. ನಾಲ್ಕು ತಿಂಗಳ ಮಳೆಗಾಲ ನಿಧಾನದ ಕೆಲಸಕ್ಕೂ ಸಾಕಾಗುವಷ್ಟು ದೀರ್ಘ. ಆದರೂ ಆಕ್ಷೇಪದಲ್ಲಿ ಹುರುಳಿದೆ, ಮತ್ತು ಅದು ಈ ಲೇಖನದ ವಾದವನ್ನು ಬಲಪಡಿಸುತ್ತದೆ. ಬೆರಳ ಮೇಲೆ ನುಣುಪಾಗಿ ಜಾರಲೆಂದು ಶಾಫ್ಟ್‌ಗೆ ವಾರ್ನಿಶ್ ಬಳಿಯುವುದಿಲ್ಲ, ಬಳಿದರೂ ತೆಳುವಾಗಿ. ಹೀಗಾಗಿ ಮುಂಭಾಗ ಬೇಗ ನೀರು ಕುಡಿಯುತ್ತದೆ, ಹಿಂಭಾಗ ತಡವಾಗಿ. 107 ಗ್ರಾಂ ಮರವಿರುವ ಶಾಫ್ಟ್ 9ರಿಂದ 16 ಪ್ರತಿಶತಕ್ಕೆ ಏರಿದರೆ 7 ಗ್ರಾಂ ಹೆಚ್ಚುತ್ತದೆ. ಆ 7 ಗ್ರಾಂ ಸಮತೋಲದ ಜಾಗದಿಂದ ಸುಮಾರು 60 ಸೆಂ.ಮೀ. ಮುಂದಿರುವುದರಿಂದ ಸಮತೋಲ 8 ಮಿ.ಮೀ. ಮುಂದೆ ಸರಿಯುತ್ತದೆ, ಮುಂದಿನ ಕೈಯ ಹೊರೆ 85ರಿಂದ 91 ಗ್ರಾಂ ಆಗುತ್ತದೆ. ಇದು ಮರ ಪೂರ್ತಿ ಸಮಕ್ಕೆ ಬಂದಾಗಿನ ಲೆಕ್ಕ. ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ ಕೋಲಿನಲ್ಲಿ ಕಡಿಮೆ ಇರುತ್ತದೆ. ಜುಲೈ ತಿಂಗಳಲ್ಲಿ ‘ಮುಂದೆ ಭಾರ’ ಎನಿಸಿದ ಕೋಲಿಗೆ ಹಿಂದೆ ಬೋಲ್ಟ್ ಹಾಕಿಸಿಕೊಂಡವನು ಜನವರಿಯಲ್ಲಿ ಅದು ‘ಹಿಂದೆ ಭಾರ’ ಎಂದು ಮತ್ತೆ ಬರುವುದು ಈ ಕಾರಣಕ್ಕೆ. ಇನ್ನೂ ಕೆಟ್ಟದ್ದು ಉಪ್ಪುಕಾಗದದ ಬಳಕೆ. ತೇವ ಹೀರಿದ ಮರ ಹಿಗ್ಗುತ್ತದೆ, ಎಳೆಗಳು ಎದ್ದು ನಿಲ್ಲುತ್ತವೆ. ಮೇಪಲ್ ಶಾಫ್ಟ್‌ನ 12.75 ಮಿ.ಮೀ. ವ್ಯಾಸ ಆರು ಪ್ರತಿಶತ ತೇವ ಹೆಚ್ಚಿದಾಗ ಒಂದು ದಿಕ್ಕಿನಲ್ಲಿ ಕಾಲು ಮಿ.ಮೀ.ನಷ್ಟು, ಇನ್ನೊಂದು ದಿಕ್ಕಿನಲ್ಲಿ ಅದರ ಅರ್ಧದಷ್ಟು ಹಿಗ್ಗಬಲ್ಲದು. ಒರಟಾಯಿತೆಂದು ಆಟಗಾರ ಮಳೆಗಾಲವಿಡೀ ಉಜ್ಜುತ್ತಾನೆ. ಬೇಸಿಗೆಯಲ್ಲಿ ನೀರು ಹಿಂದಿರುಗಿ ಹೋಗುತ್ತದೆ, ಉಜ್ಜಿಹೋದ ಮರ ಹಿಂದಿರುಗುವುದಿಲ್ಲ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಶಾಫ್ಟ್‌ನ ತುದಿ ತೆಳುವಾಗಿ ಕೋಲಿನ ಸ್ವಭಾವವೇ ಬದಲಾಗಿರುತ್ತದೆ. ಮಳೆಗಾಲದಲ್ಲಿ ಒಣ ಬಟ್ಟೆಯಿಂದ ಒರೆಸುವುದಷ್ಟೇ ಮಾಡಬೇಕು, ಉಪ್ಪುಕಾಗದ ಮುಟ್ಟಬಾರದು.

ಕರ್ನಾಟಕದ ಆಟದ ಭೂಗೋಳ ಈ ತೊಂದರೆಯನ್ನು ಹೆಚ್ಚಿಸುತ್ತದೆ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾ ಅಧಿಕಾರಿಗಳ ನಡುವೆ. ಅದರ ನಿಯಮಗಳು 1880ರ ದಶಕದ ಆರಂಭದಲ್ಲಿ ಊಟಿ ಕ್ಲಬ್‌ನಲ್ಲಿ ರೂಪುಗೊಂಡವು. ಆಗ ಊಟಿಯೂ ಮಂಗಳೂರೂ ಒಂದೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು: ಒಂದು ಎರಡು ಸಾವಿರ ಮೀಟರ್‌ಗೂ ಎತ್ತರದ ಬೆಟ್ಟದಲ್ಲಿ, ಇನ್ನೊಂದು ಸಮುದ್ರದ ಮಟ್ಟದಲ್ಲಿ. ಇಂದು ರಾಜ್ಯದ ಆಟದ ಕೇಂದ್ರ ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ. ಅರವಿಂದ ಸವೂರ್ ಅವರ ತರಬೇತಿಯಲ್ಲಿ ಬೆಳೆದು 2003ರಲ್ಲಿ ಚೀನಾದಲ್ಲಿ ತಮ್ಮ ಮೊದಲ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ, ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದ ಚಿತ್ರಾ ಮಗಿಮೈರಾಜ್ ಇಬ್ಬರೂ ಆ ನಗರದವರಾಗಿಯೇ ಹೆಸರಾದವರು. ಮಂಗಳೂರಿನ ಆಟಗಾರ ಮೇಲಿನ ಹಂತಕ್ಕೆ ಹೋಗಬೇಕಾದರೆ ಕೋಲನ್ನು ಹಿಡಿದು ಘಟ್ಟ ಹತ್ತಲೇಬೇಕು. ಸಮುದ್ರದ ಮಟ್ಟದ ತೇವದಿಂದ 900 ಮೀಟರ್ ಮೇಲಿನ ಒಣ ಹವೆಗೆ ಒಂದೇ ರಾತ್ರಿಯ ಬಸ್ಸಿನಲ್ಲಿ ಹೋದ ಕೋಲು ಮರುದಿನ ಬೆಳಿಗ್ಗೆ ತೂಕ ಕಳೆದುಕೊಂಡಿರುವುದಿಲ್ಲ, ವಾರದಲ್ಲಿ ಕಳೆದುಕೊಳ್ಳತೊಡಗುತ್ತದೆ. ಅದೂ ಮುಂಭಾಗದಿಂದ ಮೊದಲು. ಇದಕ್ಕೆ ಮದ್ದು ಬೋಲ್ಟ್‌ನಲ್ಲಿಲ್ಲ. ಗಾಳಿ ಹೊಗದ ಪೆಟ್ಟಿಗೆ, ಒಳಗೆ ಅಳತೆಯ ತೇವ ಕಾಯುವ ಪುಡಿಚೀಲ, ಮಾಡುವಾಗಲೇ ಮರವನ್ನು ಈ ಹವೆಗೆ ಒಗ್ಗಿಸುವುದು, ಇವೇ ಮದ್ದು. ಒಳ್ಳೆಯ ಕೆಲಸಗಾರ ಚೌಕ ತುಂಡನ್ನು ಲೇತ್‌ನಲ್ಲಿ ಒಂದೇ ಸಲ ಅಂತಿಮ ಅಳತೆಗೆ ತರುವುದಿಲ್ಲ. ದಪ್ಪ ಬಿಟ್ಟು ಒಂದು ಸುತ್ತು ತೆಗೆಯುತ್ತಾನೆ, ತೂಗುಹಾಕುತ್ತಾನೆ, ವಾರಗಳ ನಂತರ ಇನ್ನೊಂದು ಸುತ್ತು. ಸೊಟ್ಟಗಾಗುವ ತುಂಡು ಈ ಕಾಯುವಿಕೆಯಲ್ಲಿ ತಾನೇ ಬಯಲಾಗುತ್ತದೆ. ಕರಾವಳಿಯಲ್ಲಿ ಈ ಕಾಯುವಿಕೆ ಕನಿಷ್ಠ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ದಾಟಬೇಕು. ಅಂತಿಮ ತೂಕ, ಸಮತೋಲ ಹೊಂದಿಸುವ ಕೆಲಸವನ್ನು ಹವೆ ನಡುಮಟ್ಟದಲ್ಲಿರುವ ನವೆಂಬರ್, ಡಿಸೆಂಬರ್‌ಗೆ ಇಟ್ಟುಕೊಳ್ಳಬೇಕು.

ಈ ವಾದಕ್ಕೆ ಎದುರಾಗುವ ಮಾತುಗಳು ಕೆಲವಿವೆ. ನುರಿತ ಆಟಗಾರ ಯಾವ ಕೋಲು ಕೊಟ್ಟರೂ ಆಡುತ್ತಾನೆ, ನಾಲ್ಕು ದಿನದಲ್ಲಿ ಕೈ ಒಗ್ಗುತ್ತದೆ ಎನ್ನುವುದು ಒಂದು. ಕೈ ಒಗ್ಗುವುದು ನಿಜ, ಆದರೆ ಅದು ಒಗ್ಗುವುದು ಒಂದೇ ರೀತಿ ಉಳಿಯುವ ವಸ್ತುವಿಗೆ. ಋತುವಿನೊಂದಿಗೆ ಜಾರುವ ಕೋಲಿಗೆ ವರ್ಷಕ್ಕೆ ಎರಡು ಸಲ ಹೊಸದಾಗಿ ಒಗ್ಗಬೇಕಾದವನ ಆಟ ಅಷ್ಟು ಸಲ ಹಿಂದೆ ಬೀಳುತ್ತದೆ. ಬೋಲ್ಟ್ ಅಗ್ಗ, ಬೇಡವಾದರೆ ತೆಗೆಯಬಹುದು ಎನ್ನುವುದು ಇನ್ನೊಂದು. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಕೋಲು ಮುಗಿದ ಮೇಲೆ ಐದಾರು ಗ್ರಾಂನ ಸಣ್ಣ ತಿದ್ದುಪಡಿಗೆ ಬೋಲ್ಟ್‌ನಷ್ಟು ಸುಲಭದ ಸಾಧನವಿಲ್ಲ. ಕಡಲಗಾಳಿಯಲ್ಲಿ ಸಾದಾ ಉಕ್ಕು ತುಕ್ಕು ಹಿಡಿದು ರಂಧ್ರದಲ್ಲೇ ಕಚ್ಚಿಕೊಳ್ಳುವುದರಿಂದ ಅದು ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯದಾಗಿರಬೇಕು. ಸಡಿಲ ಕೂತರೆ ಪ್ರತಿ ಹೊಡೆತಕ್ಕೂ ಒಳಗೆ ಸದ್ದಾಗುತ್ತದೆ. ಹಳೆಯ ಸ್ನೂಕರ್ ಕ್ಯೂಗಳ ಬಟ್‌ನಲ್ಲಿ ಹುದುಗಿಸಿದ ಸೀಸದ ತುಂಡುಗಳನ್ನು ತೆಗೆಯುವಾಗ ಅದರ ಪುಡಿ ಉಸಿರಿಗೆ ಹೋಗದಂತೆ ನೋಡಿಕೊಳ್ಳಬೇಕು, ಹೊಸದಾಗಿ ಸೀಸ ತುಂಬುವುದಂತೂ ಬೇಡ. ಆದರೆ ಇಡೀ ಔನ್ಸ್‌ಗಟ್ಟಲೆ ತಿದ್ದುವ ಹೊಣೆಯನ್ನು ಬೋಲ್ಟ್‌ಗೆ ಹೊರಿಸುವುದು ತಯಾರಿಕೆಯ ಸೋಲನ್ನು ಮುಚ್ಚಿಡುವ ಕೆಲಸ.

ಇವೆರಡಕ್ಕಿಂತ ಗಂಭೀರವಾದ ಆಕ್ಷೇಪ ಬೇರೆ ಇದೆ. ಒಂದೇ ತೂಕ, ಒಂದೇ ಸಮತೋಲವಿರುವ ಎರಡು ಕೋಲುಗಳಲ್ಲಿ ಒಂದರ ಭಾರ ನಡುವೆ ಕೂಡಿರಬಹುದು, ಇನ್ನೊಂದರದ್ದು ಎರಡು ತುದಿಗಳಿಗೆ ಹಂಚಿಹೋಗಿರಬಹುದು. ಎರಡು ತಕ್ಕಡಿಗಳ ಅಂಕಿ ಇವನ್ನು ಬೇರ್ಪಡಿಸಲಾರದು. ಮಾತು ಸರಿ. ಆದರೆ ಬ್ಯಾಟ್ ಬೀಸಿದಂತೆ ಕ್ಯೂವನ್ನು ಯಾರೂ ಬೀಸುವುದಿಲ್ಲ. ಅದು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸರಿಯುತ್ತದೆ, ತಿರುಗುವುದು ಕೆಲವೇ ಡಿಗ್ರಿ. ಆದ್ದರಿಂದ ಈ ಹಂಚಿಕೆಯ ಪರಿಣಾಮ ಕೈಯ ಹೊರೆಗಿಂತ ಚಿಕ್ಕದು. ಒಂದು ಕಡೆ ಮಾತ್ರ ಅದು ದೊಡ್ಡದು: ಟಿಪ್‌ನ ಹಿಂದಿನ ಒಂದು ಗೇಣು. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಿಂಗೋ ಎಂಬಾತ ಚರ್ಮದ ಟಿಪ್ ತಂದ ಮೇಲೆ ಚೆಂಡಿನ ಪಕ್ಕಕ್ಕೆ ಹೊಡೆದು ಸುತ್ತಿಸುವುದು ಸಾಧ್ಯವಾಯಿತು. 1835ರಲ್ಲಿ ಫ್ರೆಂಚ್ ಗಣಿತಜ್ಞ ಕೊರಿಯೊಲಿಸ್ ಈ ಆಟದ ಗಣಿತವನ್ನೇ ಪುಸ್ತಕವಾಗಿ ಬರೆದ. ಪಕ್ಕಕ್ಕೆ ಹೊಡೆದಾಗ ಬಿಳಿ ಚೆಂಡು ಗುರಿಯ ಗೆರೆಯಿಂದ ತುಸು ಓರೆಯಾಗಿ ಹೊರಡುತ್ತದೆ. ಟಿಪ್ ಚೆಂಡಿಗೆ ತಾಗಿರುವುದು ಸೆಕೆಂಡಿನ ಸಾವಿರದಲ್ಲೊಂದೆರಡು ಪಾಲು ಮಾತ್ರ. ಅಷ್ಟರಲ್ಲಿ ಪಕ್ಕದ ಒತ್ತಡದ ಸುದ್ದಿ ಮುಟ್ಟುವುದು ಶಾಫ್ಟ್‌ನ ಮುಂದಿನ ತುಂಡಿಗಷ್ಟೇ. ಆ ತುಂಡು ಭಾರವಿದ್ದಷ್ಟೂ ಓರೆ ಹೆಚ್ಚು. 1990ರ ದಶಕದಲ್ಲಿ ಅಮೆರಿಕದ ಪ್ರಿಡೇಟರ್ ಕಂಪನಿ ಶಾಫ್ಟ್‌ನ ತುದಿಯನ್ನು ಟೊಳ್ಳು ಮಾಡಿ ಹಗುರ ಫೆರುಲ್ ಹಾಕಿದ್ದು ಇದನ್ನು ತಗ್ಗಿಸಲೆಂದೇ. ಹೀಗಾಗಿ ‘ಸಮತೋಲ ಮುಂದೆ ಬಂದರೆ ಚೆಂಡು ಓರೆಯಾಗುತ್ತದೆ’ ಎಂಬ ಭಯಕ್ಕೆ ಆಧಾರವಿಲ್ಲ: ಜಾಯಿಂಟ್‌ನಲ್ಲಿ ಸೇರಿಸಿದ 28 ಗ್ರಾಂ ಸಮತೋಲವನ್ನು ಮುಂದೆ ತರುತ್ತದೆ, ಓರೆಯನ್ನು ಮುಟ್ಟುವುದೇ ಇಲ್ಲ. ತುದಿಯಲ್ಲಿ ಸೇರಿದ ಎರಡು ಗ್ರಾಂ ಮುಟ್ಟುತ್ತದೆ. ಹಿತ್ತಾಳೆಯ ಫೆರುಲನ್ನು ದಪ್ಪದ್ದಕ್ಕೆ ಬದಲಿಸಿ ಮುಂದಿನ ಭಾರ ಹೆಚ್ಚಿಸಿಕೊಳ್ಳುವವರು ಇದನ್ನು ಮೊದಲು ಯೋಚಿಸಬೇಕು.

ಕಾರ್ಬನ್ ನಾರಿನ ಶಾಫ್ಟ್ ಬಂದ ಮೇಲೆ ಈ ಚರ್ಚೆಯೇ ಮುಗಿಯಿತು ಎಂದು ಹೇಳುವವರಿದ್ದಾರೆ. ಕಾರ್ಬನ್ ಶಾಫ್ಟ್ ಮರದಂತೆ ನೀರು ಕುಡಿಯುವುದಿಲ್ಲ, ಸೊಟ್ಟಗಾಗುವುದಿಲ್ಲ, ಉಪ್ಪುಕಾಗದವನ್ನೂ ಬೇಡುವುದಿಲ್ಲ; ಕರಾವಳಿಗೆ ಅದು ನಿಜಕ್ಕೂ ಉಪಕಾರಿ, ದರ ಭರಿಸಬಲ್ಲವರು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಮರದ ಬಟ್‌ಗೆ ಕೂಡಿಸಿದಾಗ ಲೆಕ್ಕ ತಿರುವುಮುರುವಾಗುತ್ತದೆ. ಮುಂಭಾಗ ಈಗ ವರ್ಷವಿಡೀ ಒಂದೇ ತೂಕ. ಹಿಂಭಾಗ ಮಾತ್ರ ನಿಧಾನವಾಗಿ ನೀರು ಹೀರುತ್ತ, ಬಿಡುತ್ತ ಇರುತ್ತದೆ. ಮೊದಲು ಮಳೆಗಾಲದಲ್ಲಿ ಮುಂದೆ ಸರಿಯುತ್ತಿದ್ದ ಸಮತೋಲ ಈಗ ಹಿಂದೆ ಸರಿಯುತ್ತದೆ. ಹಳೆಯ ಮೇಪಲ್ ಶಾಫ್ಟ್‌ಗೆಂದು ಹೊಂದಿಸಿದ ಬಟ್‌ಗೆ ಬೇರೆ ತೂಕದ ಕಾರ್ಬನ್ ಶಾಫ್ಟ್ ತಿರುಗಿಸಿದರೆ, ಹತ್ತು ಗ್ರಾಂ ವ್ಯತ್ಯಾಸವಿದ್ದರೂ ಸಮತೋಲ ಒಂದು ಸೆಂ.ಮೀ.ಗಿಂತ ಹೆಚ್ಚು ಸರಿದಿರುತ್ತದೆ. ಶಾಫ್ಟ್ ಬದಲಿಸಿದ ದಿನವೇ ಎರಡು ತಕ್ಕಡಿಗಳ ಮೇಲೆ ಕೋಲನ್ನು ಮತ್ತೆ ಮಲಗಿಸಿ, ಹಿಂದಿನ ಅಂಕಿಗಳೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಜಾಯಿಂಟ್‌ನ ತಿರುಪಿನಲ್ಲೋ ಬಟ್‌ನ ಕೊರೆತದಲ್ಲೋ ತಿದ್ದಿಕೊಳ್ಳಬೇಕು.